ಮಾವನ ಫಾರ್ವರ್ಡು

ರಮೇಶ: (ಫಾರ್ವರ್ಡ್) ಲಂಡನ್ನಿನ ಆಗ್ನೆಸ್ ಮಾರ್ಷಲ್ 1883ರಲ್ಲಿ ಮಾರ್ಟಿಮರ್ ಸ್ಟ್ರೀಟಿನಲ್ಲಿ ಅಡುಗೆ ಶಾಲೆ ತೆರೆದರು. 1885ರಲ್ಲಿ ಐಸ್‌ಕ್ರೀಮ್ ಯಂತ್ರಕ್ಕೆ ಪೇಟೆಂಟ್ ಪಡೆದರು. ಬೆನ್ನಿಗೆ ನಿಂತವರು ಪತಿ ಆಲ್ಫ್ರೆಡ್. ಗಂಡನ ಬೆಂಬಲವಿದ್ದರೆ ಹೆಣ್ಣು ಏನನ್ನೂ ಸಾಧಿಸುತ್ತಾಳೆ 🙏🙏

ಸುಮಾ: ಮಾವ, ಬೆಂಬಲ ಇಲ್ಲದಿದ್ದರೆ ಏನಾಗುತ್ತಿತ್ತು ಅಂತಲೂ ಹಾಕಿ. 1870ರ ತನಕ ಇಂಗ್ಲೆಂಡಿನಲ್ಲಿ ಮದುವೆಯಾದವಳು ದುಡಿದ ಕಾಸು ಕಾನೂನಿನ ಪ್ರಕಾರ ಗಂಡನದ್ದು. ಆ ವರ್ಷದ ಕಾಯ್ದೆಯಿಂದ ಸಂಪಾದನೆ ಅವಳದ್ದಾಯಿತು. ಆಸ್ತಿಯ ಹಕ್ಕು ಪೂರ್ತಿ ಸಿಕ್ಕಿದ್ದು 1882ರ ಕಾಯ್ದೆಯಿಂದ. ಅದು ಜಾರಿಗೆ ಬಂದದ್ದು 1883ರ ಜನವರಿ 1ಕ್ಕೆ. ನಿಮ್ಮ ಅಡುಗೆ ಶಾಲೆಯೂ ಅದೇ ವರ್ಷದ್ದು, ನೋಡಿ.

ರಮೇಶ: ಎಲ್ಲದರಲ್ಲೂ ಕೊಂಕು ತೆಗೀಬೇಡ ಕಣಮ್ಮ. ಗಂಡ ಒಳ್ಳೆಯವನೇ ಅಲ್ವಾ?

ಸುಮಾ: ಇರಬಹುದು. ಕೆಟ್ಟವನು ಸಿಕ್ಕವಳ ಗತಿ ಕೇಳಿದೆ.

ವಿನಯ್: ವಿಧವೆಯರಿಗೆ ಈ ತೊಡಕಿರಲಿಲ್ಲ. ಗಂಡ ಸತ್ತ ಮೇಲೆ ಅವನ ಅಂಗಡಿ ನಡೆಸಿದವರು ಎಷ್ಟೋ ಜನ.

ಪದ್ಮಾ: ಅವನು ಸತ್ತ ಮಾರನೇ ದಿನ ವ್ಯಾಪಾರ ಕಲಿತರೇನೋ? ಇದ್ದಾಗಲೇ ಗಲ್ಲಾ ನೋಡಿರುತ್ತಾರೆ.

ವಿನಯ್: ನಿಜ ಅತ್ತೆ. 1851ರ ಅಲ್ಲಿನ ಜನಗಣತಿಯಲ್ಲಿ 'ಕಟುಕನ ಹೆಂಡತಿ', 'ಬೂಟು ಹೊಲಿಯುವವನ ಹೆಂಡತಿ' ಅಂತಲೇ ಬೇರೆ ಲೆಕ್ಕ ಇದೆ. ಕೆಲಸ ಮಾಡುತ್ತಾರೆ ಅಂತ ಸರ್ಕಾರಕ್ಕೂ ಗೊತ್ತಿತ್ತು.

ಪದ್ಮಾ: ರಮೇಶ, ನಿನ್ನ ಅಂಗಡಿಯ ಬಿಲ್ಲು ಇಪ್ಪತ್ತು ವರ್ಷ ಯಾರು ಬರೆದರು?

ರಮೇಶ: ಅಕ್ಕಾ, ಅದು ಬೇರೆ ವಿಷಯ.

ವಿನಯ್: ಅಪ್ಪ, ಅಮ್ಮ ಓದುತ್ತಿದ್ದಾಳೆ 😄

ಸುಮಾ: ಇನ್ನೊಂದು ಮಾತು. ಆ ಕಾಲದ ಮನೆಬೆಂಬಲ ಅಂದರೆ ಮುಖ್ಯವಾಗಿ ಕೆಲಸದ ಹುಡುಗಿ. ಇಂಗ್ಲೆಂಡಿನಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಹೆಂಗಸರು ಮನೆಗೆಲಸದಲ್ಲಿದ್ದರು. ಬರೀ ಸಿರಿವಂತರ ಬಂಗಲೆಯಲ್ಲಲ್ಲ. ಟೋಪಿ ಅಂಗಡಿಯವಳೂ ಒಬ್ಬಳನ್ನು ಇಟ್ಟುಕೊಳ್ಳುತ್ತಿದ್ದಳು. ಹನ್ನೆರಡು, ಹದಿಮೂರರ ಹುಡುಗಿಯರೂ ಇದ್ದರು. ಕತ್ತಲಿರುವಾಗಲೇ ಎದ್ದು ಒಲೆ ಹಚ್ಚಬೇಕು. ನೀರು, ಕಲ್ಲಿದ್ದಲು ಹೊತ್ತು ಮೆಟ್ಟಿಲು ಹತ್ತಬೇಕು. ಕೂಸನ್ನೂ ಎತ್ತಿಕೊಳ್ಳಬೇಕು. ಆಗ ಯಜಮಾನಿ ಕೆಳಗೆ ಗಿರಾಕಿಗಳ ಮುಂದೆ ನಗುತ್ತಾ ನಿಲ್ಲಬಹುದು. ಹುಡುಗಿ ಇಡಲು ಗತಿ ಇಲ್ಲದಿದ್ದರೆ ಮದುವೆಯಾಗದ ತಂಗಿಯೋ ಅಕ್ಕನ ಮಗಳೋ ಬರುತ್ತಿದ್ದಳು. ಊಟ, ಒಂದು ಹಾಸಿಗೆ, ಅಷ್ಟೇ.

ರಮೇಶ: ಕೆಲಸದವರಿಗೆ ಸಂಬಳ ಕೊಡುತ್ತಿದ್ದರಲ್ಲ. ಅದನ್ನು ಬೆಂಬಲ ಅನ್ನುತ್ತಾರಾ?

ಪದ್ಮಾ: ನಮ್ಮ ಕೆಲಸದವಳು ಎರಡು ದಿನ ರಜಾ ಹಾಕಲಿ, ಆಗ ಹೇಳು.

ಸುಮಾ: ಮಾರ್ಷಲ್ ಅವರಿಗೆ ನಾಲ್ಕು ಮಕ್ಕಳು ಮಾವ. ಶಾಲೆ ತೆರೆದಾಗ ಎಲ್ಲವೂ ಚಿಕ್ಕವು. ಅವರನ್ನು ಯಾರು ನೋಡಿಕೊಂಡರು ಅಂತ ನಿಮ್ಮ ಫಾರ್ವರ್ಡಿನಲ್ಲಿ ಇದೆಯಾ?

ರಮೇಶ: ಇರು, ಕೆಳಗಡೆ ಓದುತ್ತೇನೆ.

ರಮೇಶ: ಇಲ್ಲ. ಹತ್ತು ಜನಕ್ಕೆ ಕಳಿಸಿ ಅಂತ ಇದೆ.

ಪದ್ಮಾ: ಕಳಿಸಬೇಡ.