ಪ್ರವೇಶಧನವಿಲ್ಲದ ಆನ್‌ಲೈನ್ ಪೋಕರ್ ಪಂದ್ಯಾವಳಿ: ಮೊದಲ ಒಂದು ಗಂಟೆಯನ್ನು ಹೇಗೆ ಆಡಬೇಕು?

ಪ್ರಶ್ನೆ — ಥೇಮ್ಸ್ ತೀರದ ಕನ್ನಡಿಗ

ಮಾನ್ಯರೇ, ನಾನು ಇಂಗ್ಲೆಂಡಿನ ರೆಡಿಂಗ್ ನಗರದಲ್ಲಿ ನೆಲೆಸಿದ್ದೇನೆ. ಇಲ್ಲಿ ಪರವಾನಗಿ ಪಡೆದ ಪೋಕರ್ ತಾಣವೊಂದರಲ್ಲಿ ವಾರಾಂತ್ಯದ ಸಂಜೆ ನಡೆಯುವ ಫ್ರೀರೋಲ್‌ಗಳನ್ನು, ಅಂದರೆ ಪ್ರವೇಶಧನವಿಲ್ಲದೆ ಸೇರಬಹುದಾದ ಟೆಕ್ಸಸ್ ಹೋಲ್ಡೆಮ್ (ಕೈಯಲ್ಲಿ ಎರಡೆಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದೆಲೆ ಇರುವ ಪೋಕರ್) ಪಂದ್ಯಾವಳಿಗಳನ್ನು, ಆಡುತ್ತೇನೆ. ಮೇಜಿಗೆ ಒಂಬತ್ತು ಜನ, ಪ್ರತಿಯೊಬ್ಬರಿಗೂ 3000 ಚಿಪ್ಸ್. ಬ್ಲೈಂಡ್, ಅಂದರೆ ಪ್ರತಿ ಆಟಕ್ಕೂ ಇಬ್ಬರು ಸರದಿಯಂತೆ ಮೊದಲೇ ಕಟ್ಟಲೇಬೇಕಾದ ಸಣ್ಣ ಮತ್ತು ದೊಡ್ಡ ಪಣ, 10/20ರಿಂದ ಆರಂಭವಾಗಿ ಎಂಟು ನಿಮಿಷಕ್ಕೊಮ್ಮೆ ಏರುತ್ತದೆ, ಒಂದು ಗಂಟೆ ತುಂಬುವ ಹೊತ್ತಿಗೆ 100/200 ತಲುಪಿರುತ್ತದೆ. ಸಾವಿರಕ್ಕೂ ಹೆಚ್ಚು ಮಂದಿ ಸೇರುತ್ತಾರೆ. ಬಹುಮಾನವಿರುವುದು ಮೊದಲ ಐವತ್ತು ಸ್ಥಾನಗಳಿಗೆ ಮಾತ್ರ.

ಆರಂಭದ ಹಂತದಲ್ಲಿ ಸಣ್ಣ ಪಾಟ್‌ಗಳನ್ನೇ (ಮೇಜಿನ ನಡುವೆ ಕೂಡಿದ ಪಣದ ಮೊತ್ತ) ಆಡಬೇಕು, ಚಿಪ್ಸ್ ಕಾಪಾಡಿಕೊಳ್ಳಬೇಕು ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಆದರೆ ಈ ಪಂದ್ಯಾವಳಿಗಳಲ್ಲಿ ಮೊದಲ ಆಟಕ್ಕೇ ಇಬ್ಬರು ಮೂವರು ಎಲೆಯನ್ನೂ ನೋಡದವರಂತೆ ಆಲ್-ಇನ್ ಹೋಗುತ್ತಾರೆ, ಅಂದರೆ ತಮ್ಮ ಚಿಪ್ಸ್ ಎಲ್ಲವನ್ನೂ ಪಣಕ್ಕಿಡುತ್ತಾರೆ. ಅಂಥವರ ಎದುರು ನನ್ನ ಕೈಯಲ್ಲಿ ಎಕ್ಕ-ರಾಜ ಅಥವಾ ರಾಣಿಯ ಜೋಡಿ ಇದ್ದರೆ ಕಾಲ್ ಮಾಡಬೇಕೆ (ಅಷ್ಟೇ ಪಣ ಕಟ್ಟಿ ಆಟದಲ್ಲಿ ಉಳಿಯಬೇಕೆ)? ಎಕ್ಕದ ಜೋಡಿ ಬಂದಾಗ 60 ಚಿಪ್ಸ್‌ಗೆ ರೈಸ್ ಮಾಡಿದರೆ (ಪಣ ಏರಿಸಿದರೆ) ನಾಲ್ಕೈದು ಜನ ಒಟ್ಟಿಗೆ ಫ್ಲಾಪ್ (ಮೇಜಿನ ಮೇಲೆ ತೆರೆಯುವ ಮೊದಲ ಮೂರೆಲೆ) ನೋಡಲು ಬರುತ್ತಾರೆ. ಇದಕ್ಕೆ ಪರಿಹಾರವೇನು? ಅನುಭವಿಗಳು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ — ನಾಲ್ಕನೆಯ ರಾಣಿ

ತಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಫ್ರೀರೋಲ್‌ನ ಆರಂಭದಲ್ಲಿ ಹೆಚ್ಚಿನ ಚಿಪ್ಸ್ ಸೋರಿಹೋಗುವುದು ಅಲ್ಲಿಯೇ. ಎಲೆ ಯಾವುದೆಂದು ಗೊತ್ತಿಲ್ಲದ ಒಬ್ಬ ಎದುರಾಳಿಯ ಮೇಲೆ ಎಕ್ಕದ ಜೋಡಿ ನೂರಕ್ಕೆ 85 ಬಾರಿ ಗೆಲ್ಲುತ್ತದೆ. ಇಬ್ಬರಾದರೆ ಅದು ಸುಮಾರು 73ಕ್ಕೆ, ಮೂವರಾದರೆ 64ಕ್ಕೆ, ನಾಲ್ವರಾದರೆ 56ಕ್ಕೆ ಇಳಿಯುತ್ತದೆ. ಎದುರಾಳಿಗಳು ಹೆಚ್ಚಿದಷ್ಟೂ ಪಾಟ್ ದೊಡ್ಡದಾಗುವುದು ನಿಜವಾದರೂ, ಫ್ಲಾಪ್ ಬಿದ್ದ ಮೇಲೆ ನಾಲ್ವರಲ್ಲಿ ಯಾರಿಗೆ ಎರಡು ಜೋಡಿ ಕೂಡಿತು, ಯಾರು ಫ್ಲಶ್ (ಒಂದೇ ಜಾತಿಯ ಐದೆಲೆ) ಕಾಯುತ್ತಿದ್ದಾರೆ ಎಂಬುದನ್ನು ಊಹಿಸುವುದು ಕಷ್ಟ.

ಬ್ಲೈಂಡ್‌ನ ಮೂರು ಪಟ್ಟು ರೈಸ್ ಎಂಬ ವಾಡಿಕೆಯ ಲೆಕ್ಕವನ್ನು ಇಲ್ಲಿ ಬಿಟ್ಟುಬಿಡಿ. 3000 ಚಿಪ್ಸ್ ಇರುವವನಿಗೆ 60 ಎಂಬುದು ಬೆಲೆಯೇ ಅಲ್ಲ. 10/20ರ ಹಂತದಲ್ಲಿ ಬಲವಾದ ಎಲೆ ಬಂದರೆ 120ರಿಂದ 150ರವರೆಗೆ ರೈಸ್ ಮಾಡಿ. ತಮಗಿಂತ ಮುಂಚೆ ಬರಿಯ ಕಾಲ್ ಮಾಡಿ ಬಂದವರಿದ್ದರೆ, ಒಬ್ಬೊಬ್ಬರಿಗೂ ಇನ್ನೂ 20ರಿಂದ 40 ಸೇರಿಸಿ. ಅಷ್ಟಾದರೂ ಒಬ್ಬನೋ ಇಬ್ಬರೋ ಕಾಲ್ ಮಾಡಿಯೇ ಮಾಡುತ್ತಾರೆ, ಮತ್ತು ನಮಗೆ ಬೇಕಾದುದೂ ಅಷ್ಟೇ. ಫ್ಲಾಪ್‌ನ ನಂತರವೂ ಪಾಟ್‌ನ ಮುಕ್ಕಾಲು ಪಾಲಿಗೆ ಕಡಿಮೆಯಿಲ್ಲದಂತೆ ಬೆಟ್ ಮಾಡುತ್ತ ಹೋಗಬೇಕು, ಏಕೆಂದರೆ ಈ ಮೇಜುಗಳಲ್ಲಿ ನಡುವಿನ ಜೋಡಿ ಹಿಡಿದವನೂ ಕೊನೆಯ ಎಲೆಯವರೆಗೆ ಹಣ ಕೊಡುತ್ತಾನೆ.

ಅದೇ ಕಾರಣಕ್ಕೆ ಬ್ಲಫ್ ಬೇಡ. ಬ್ಲಫ್ ಫಲಿಸುವುದು ಎದುರಾಳಿ ಎಲೆ ಬಿಡಲು ಸಿದ್ಧನಿದ್ದಾಗ ಮಾತ್ರ. ಸೋತರೆ ಕಳೆದುಕೊಳ್ಳಲು ಏನೂ ಇಲ್ಲದವನು ಕುತೂಹಲಕ್ಕಾಗಿಯೇ ಕಾಲ್ ಮಾಡುತ್ತಾನೆ.

ಒಂದೇ ಜಾತಿಯ ದುರ್ಬಲ ಎಲೆಗಳ ಆಸೆಯನ್ನೂ ಕಡಿಮೆ ಮಾಡಿಕೊಳ್ಳಿ. ಒಂದೇ ಜಾತಿಯ ಎರಡೆಲೆ ಹಿಡಿದಾಗ ಫ್ಲಾಪ್‌ನಲ್ಲೇ ಫ್ಲಶ್ ಪೂರ್ತಿಯಾಗುವುದು ನೂರಕ್ಕೆ ಒಂದು ಬಾರಿಗಿಂತಲೂ ಕಡಿಮೆ. ಸಣ್ಣ ಜೋಡಿಗಳ ವಿಷಯ ಬೇರೆ. ಜೋಡಿ ಹಿಡಿದವನಿಗೆ ಫ್ಲಾಪ್‌ನಲ್ಲಿ ಮೂರನೆಯ ಎಲೆ ಕೂಡಿ ಸೆಟ್ ಆಗುವುದು ಸುಮಾರು ಎಂಟೂವರೆ ಸಲಕ್ಕೆ ಒಂದು ಬಾರಿ. 60 ಚಿಪ್ಸ್ ಕೊಟ್ಟು ಫ್ಲಾಪ್ ನೋಡಲು ಸಾಧ್ಯವಾದರೆ ನೋಡಿ, ಸೆಟ್ ಆಗದಿದ್ದರೆ ಚಿಂತಿಸದೆ ಫೋಲ್ಡ್ ಮಾಡಿ (ಎಲೆ ಬಿಟ್ಟುಬಿಡಿ); ಸೆಟ್ ಆದರೆ ಎದುರಿನವನ 3000ವೂ ತಮ್ಮದಾಗುವ ಸಂಭವ ಚೆನ್ನಾಗಿಯೇ ಇದೆ.

ಆಲ್-ಇನ್‌ಗಳ ಬಗ್ಗೆ ನನ್ನ ಅಭಿಪ್ರಾಯ ಕಟ್ಟುನಿಟ್ಟಾದುದು. ಮೊದಲ ಹದಿನೈದು ನಿಮಿಷ ಎಕ್ಕದ ಜೋಡಿ, ರಾಜನ ಜೋಡಿ ಬಿಟ್ಟು ಮತ್ತಾವುದಕ್ಕೂ ಕಾಲ್ ಮಾಡಬಾರದು. ಹುಚ್ಚಾಟದವರು ತಮ್ಮತಮ್ಮಲ್ಲೇ ಮುಗಿದುಹೋಗಲಿ.

ಉತ್ತರ — ಸಂಖ್ಯಾಪ್ರಿಯ

ಮೇಲಿನವರ ಮಾತಿನಲ್ಲಿ ರೈಸ್‌ನ ಗಾತ್ರ ಮತ್ತು ಬ್ಲಫ್ ಕುರಿತದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಕೊನೆಯ ಪ್ಯಾರಾವನ್ನು ಒಪ್ಪಲಾರೆ, ಮತ್ತು ಕಾರಣವನ್ನು ಲೆಕ್ಕ ಸಹಿತ ಹೇಳಬೇಕಾಗಿದೆ.

ಒಂಬತ್ತು ಜನರ ಆನ್‌ಲೈನ್ ಮೇಜಿನಲ್ಲಿ ಗಂಟೆಗೆ ಸುಮಾರು 65 ಆಟಗಳು ನಡೆಯುತ್ತವೆ ಎಂದಿಟ್ಟುಕೊಳ್ಳೋಣ. ಇಸ್ಪೀಟಿನ ಕಟ್ಟಿನಿಂದ ಎರಡೆಲೆ ಬರುವ ವಿಧಗಳು ಒಟ್ಟು 1326. ಅವುಗಳಲ್ಲಿ ಎಕ್ಕ ಮತ್ತು ರಾಜರ ಜೋಡಿಗಳು ಕೇವಲ 12, ಅಂದರೆ ನೂರಹತ್ತು ಆಟಗಳಿಗೆ ಒಮ್ಮೆ. ಇವೆರಡಕ್ಕಾಗಿಯೇ ಕಾದು ಕುಳಿತವನಿಗೆ ಮೊದಲ ಗಂಟೆಯಲ್ಲಿ ಒಂದೂ ಬಾರದಿರುವ ಸಾಧ್ಯತೆಯೇ ಹೆಚ್ಚು. ಅಷ್ಟರಲ್ಲಿ ಬ್ಲೈಂಡ್ 100/200 ಆಗಿರುತ್ತದೆ. 150 ದೊಡ್ಡ ಬ್ಲೈಂಡ್‌ಗಳಷ್ಟು ಬೆಲೆಬಾಳುತ್ತಿದ್ದ ಅದೇ 3000 ಚಿಪ್ಸ್ ಬರಿಯ 15 ಬ್ಲೈಂಡ್‌ಗಳಷ್ಟಾಗಿ ಕುಗ್ಗಿರುತ್ತದೆ. ಕಾಪಾಡಿಕೊಂಡದ್ದು ತಾನಾಗಿಯೇ ಕರಗಿತು ಎಂದಾಯಿತು. ಹತ್ತರ ಜೋಡಿಯಿಂದ ಮೇಲಿನ ಎಲ್ಲ ಜೋಡಿಗಳನ್ನೂ, ಎಕ್ಕ-ರಾಜ, ಎಕ್ಕ-ರಾಣಿಗಳನ್ನೂ ಸೇರಿಸಿಕೊಂಡರೆ 62 ವಿಧಗಳಾಗುತ್ತವೆ. ಆಗ ಗಂಟೆಗೆ ಮೂರು ಅವಕಾಶಗಳಾದರೂ ಸಿಗುತ್ತವೆ.

ಇನ್ನು ಕಾಲ್‌ನ ಲಾಭ ನೋಡೋಣ. ಯಾವ ಎಲೆಗಾದರೂ ಆಲ್-ಇನ್ ಹೋಗುವ ಒಬ್ಬನ ಎದುರು ರಾಣಿಯ ಜೋಡಿ ನೂರಕ್ಕೆ 80, ಹತ್ತರ ಜೋಡಿ 75, ಎಕ್ಕ-ರಾಜ 65 ಬಾರಿ ಗೆಲ್ಲುತ್ತವೆ. ಅದೇ ರೀತಿಯ ಇಬ್ಬರು ಈಗಾಗಲೇ ಆಲ್-ಇನ್ ಆಗಿದ್ದರೂ ಎಕ್ಕ-ರಾಜಕ್ಕೆ ಅರ್ಧಕ್ಕೆ ಸ್ವಲ್ಪವೇ ಕಡಿಮೆ ಅವಕಾಶವಿದೆ, ನಷ್ಟವಾಗದಿರಲು ಬೇಕಾದುದು ಮೂರನೆಯ ಒಂದು ಭಾಗ ಮಾತ್ರ. ಬಹುಮಾನದ ಸ್ಥಾನಗಳಿಗೆ ಇನ್ನೂ ನೂರಾರು ಜನ ಹೊರಬೀಳಬೇಕಾದ ಹೊತ್ತಿನಲ್ಲಿ ಚಿಪ್ಸ್ ಇಮ್ಮಡಿಯಾದರೆ ಅದರ ಮೌಲ್ಯವೂ ಹೆಚ್ಚುಕಡಿಮೆ ಇಮ್ಮಡಿಯೇ ಆಗುತ್ತದೆ. ಬದುಕುಳಿಯುವುದಕ್ಕೆ ವಿಶೇಷ ಬೆಲೆ ಬರುವುದು ಬಹುಮಾನದ ಗಡಿ ಹತ್ತಿರವಾದಾಗ. ಮೇಲಾಗಿ ಪ್ರವೇಶಧನವಿಲ್ಲದ ಆಟದಲ್ಲಿ ನಾವು ನಿಜವಾಗಿ ಹಾಕಿರುವ ಬಂಡವಾಳ ನಮ್ಮ ಸಮಯ. ಐದನೆಯ ನಿಮಿಷಕ್ಕೆ ಹೊರಬಿದ್ದವನಿಗೆ ಇಡೀ ಸಂಜೆ ಉಳಿಯುತ್ತದೆ; ಎರಡು ಗಂಟೆ ಕುಳಿತು ನಾಲ್ಕುನೂರನೆಯ ಸ್ಥಾನದಲ್ಲಿ ಹೊರಬಿದ್ದವನಿಗೆ ಸಿಕ್ಕುವುದೂ ಅದೇ ಸೊನ್ನೆ.

ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸಬೇಕು. ಈ ಲೆಕ್ಕವೆಲ್ಲ ನಿಲ್ಲುವುದು ಎದುರಾಳಿ ನಿಜವಾಗಿಯೂ ಕಣ್ಣುಮುಚ್ಚಿ ಆಡುತ್ತಿದ್ದಾನೆ ಎಂಬ ಊಹೆಯ ಮೇಲೆ. ಆಲ್-ಇನ್‌ಗೆ ಕಾಲ್ ಬಿದ್ದಾಗಲೆಲ್ಲ ಎಲೆಗಳು ಮೇಜಿನ ಮೇಲೆ ತೆರೆಯುತ್ತವೆ; ಆತ ಏಳು-ನಾಲ್ಕು ಹಿಡಿದಿದ್ದನೋ ಗುಲಾಮನ ಜೋಡಿ ಹಿಡಿದಿದ್ದನೋ ನೋಡಿ, ತಾಣದಲ್ಲಿ ಆಟಗಾರನ ಹೆಸರಿನ ಜೊತೆಗೇ ಟಿಪ್ಪಣಿ ಬರೆದುಕೊಳ್ಳುವ ಸೌಲಭ್ಯವಿದ್ದರೆ ಬರೆದಿಡಿ. ಅದುವರೆಗೆ ಫೋಲ್ಡ್ ಮಾಡುತ್ತಲೇ ಬಂದವನು ಏಕಾಏಕಿ ಆಲ್-ಇನ್ ಹೋದರೆ ನಾನೂ ಎಕ್ಕ-ರಾಣಿಯನ್ನು ಮರುಮಾತಿಲ್ಲದೆ ಬಿಡುತ್ತೇನೆ.

ಥೇಮ್ಸ್ ತೀರದ ಕನ್ನಡಿಗ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೆರಡು ಸಂದೇಹಗಳಿವೆ. ಹೆಸರು ನೋಂದಾಯಿಸಿ ಬಾರದೇ ಉಳಿದವರ ಕುರ್ಚಿಗಳು ಪ್ರತಿ ಮೇಜಿನಲ್ಲೂ ಎರಡು ಮೂರು ಇರುತ್ತವೆ. ಅವುಗಳ ಲಾಭ ಪಡೆಯಬಹುದೆ? ಈ ಗದ್ದಲವೆಲ್ಲ ಮುಗಿದ ಮೇಲೆ, ತಡವಾಗಿ ನೋಂದಾಯಿಸಿಕೊಂಡು ಒಳಬರುವುದು ಜಾಣತನವೆ?

ಉತ್ತರ — ಮಲೆನಾಡ ಆಟಗಾರ

ಖಾಲಿ ಕುರ್ಚಿಗಳ ಲಾಭವನ್ನು ಖಂಡಿತ ಪಡೆಯಬೇಕು. ಬಾರದವರ ಚಿಪ್ಸ್‌ನಿಂದಲೂ ಬ್ಲೈಂಡ್ ತಾನಾಗಿಯೇ ಕಟ್ಟಲ್ಪಡುತ್ತದೆ, ಎಲೆಗಳು ತಾನಾಗಿಯೇ ಫೋಲ್ಡ್ ಆಗುತ್ತವೆ. ಎರಡೂ ಬ್ಲೈಂಡ್ ಕುರ್ಚಿಗಳು ಖಾಲಿಯಿದ್ದು, ತಾವು ಬಟನ್‌ನಲ್ಲಿದ್ದು (ಬ್ಲೈಂಡ್ ಕುರ್ಚಿಗಳಿಗೆ ತುಸು ಮುಂಚಿನ ಸರದಿಯ ಕುರ್ಚಿ), ಅದುವರೆಗೆ ಎಲ್ಲರೂ ಫೋಲ್ಡ್ ಮಾಡಿದ್ದರೆ, ಕೈಯಲ್ಲಿ ಯಾವ ಎಲೆಯಿದ್ದರೂ ಕನಿಷ್ಠ ರೈಸ್ ಸಾಕು. 10/20ರಲ್ಲಿ ಸಿಗುವ 30 ಚಿಪ್ಸ್ ಅಲ್ಪವೆನಿಸಬಹುದು. 50/100ರ ಹೊತ್ತಿಗೆ ಅದು 150 ಆಗುತ್ತದೆ, ಅಂದರೆ ಆರಂಭದ ಚಿಪ್ಸ್‌ನ ಇಪ್ಪತ್ತನೆಯ ಒಂದು ಭಾಗ. ಮೇಜಿಗೆ ಕುಳಿತ ಕೂಡಲೇ ಯಾವ ಕುರ್ಚಿಗಳು ಖಾಲಿ ಎಂದು ಗುರುತಿಸಿಟ್ಟುಕೊಳ್ಳಿ, ಮೇಜು ಬದಲಾದಾಗ ಮತ್ತೊಮ್ಮೆ ನೋಡಿ. ಇದೇ ಲೆಕ್ಕಾಚಾರ ಮಾಡುತ್ತಿರುವ ಮತ್ತೊಬ್ಬನು ತಮ್ಮ ಬಲಗಡೆ ಇದ್ದರೆ ಅವನು ಮೊದಲು ರೈಸ್ ಮಾಡಿಬಿಡುತ್ತಾನೆ. ಅಂಥವನ ಮೇಲೆ ಒಳ್ಳೆಯ ಎಲೆ ಬಂದಾಗ ಮರು-ರೈಸ್ ಮಾಡಿ ನೋಡಬೇಕು.

ತಡವಾಗಿ ಬರುವುದನ್ನು ನಾನು ಸಲಹೆ ಮಾಡುವುದಿಲ್ಲ. ತಾವು ಹೇಳಿದ ವೇಗದಲ್ಲಿ ಅರ್ಧ ಗಂಟೆ ತಡವಾದರೆ 3000 ಚಿಪ್ಸ್ ಹಿಡಿದು 50/100ರ ಹಂತಕ್ಕೆ ಬಂದು ಕೂರಬೇಕಾಗಬಹುದು. ಅಷ್ಟರಲ್ಲಿ ಅತ್ಯಂತ ದುರ್ಬಲ ಆಟಗಾರರು ಹೊರಬಿದ್ದಿರುತ್ತಾರೆ, ಅವರ ಚಿಪ್ಸ್ ಬೇರೆಯವರ ಮುಂದೆ ರಾಶಿಯಾಗಿರುತ್ತದೆ. ಮೊದಲ ಉತ್ತರದಲ್ಲಿ ಹೇಳಿದ ಸೆಟ್‌ನ ಆಟಕ್ಕೂ ಆಳವಾದ ಚಿಪ್ಸ್ ಬೇಕು.

ಆಲ್-ಇನ್ ಚರ್ಚೆಯಲ್ಲಿ ನಾನು ಸಂಖ್ಯಾಪ್ರಿಯರ ಪಕ್ಷ. ಆದರೂ ಒಂದು ಸಂದರ್ಭದಲ್ಲಿ ನಾಲ್ಕನೆಯ ರಾಣಿಯವರ ಮಾತೇ ಸರಿ: ತಮ್ಮ ನಂತರ ಆಡಬೇಕಾದವರು ಇನ್ನೂ ನಾಲ್ಕೈದು ಮಂದಿಯಿದ್ದು ಮೇಜಿನಲ್ಲಿ ಯಾರೂ ಫೋಲ್ಡ್ ಮಾಡದ ಹುಮ್ಮಸ್ಸಿದ್ದರೆ, ಹತ್ತರ ಜೋಡಿ ಮೂವರ ಎದುರು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಆ ಪಂದ್ಯವೂ ಲೆಕ್ಕದ ಪ್ರಕಾರ ಲಾಭದ್ದೇ, ಆದರೆ ಅಲ್ಲಿ ಸೋಲುವುದೇ ಹೆಚ್ಚು ಸಲ ಎಂಬುದನ್ನು ಒಪ್ಪಿಕೊಂಡೇ ಕಾಲ್ ಮಾಡಬೇಕು.

ನೋಂದಾಯಿಸುವ ಮುನ್ನ ನಿಯಮಗಳನ್ನು ಓದಿ. ಪ್ರವೇಶ ಉಚಿತವೆಂದಿದ್ದರೂ ಕೆಲವು ಪಂದ್ಯಾವಳಿಗಳಲ್ಲಿ ಚಿಪ್ಸ್ ಮುಗಿದಾಗ ಹಣ ಕೊಟ್ಟು ಮತ್ತೆ ಕೊಳ್ಳುವ ಅವಕಾಶವಿರುತ್ತದೆ. ಅಲ್ಲಿ ಎದುರಿನವರು ಆಲ್-ಇನ್ ಹೋಗುವುದು ಮತ್ತೆ ಕೊಳ್ಳುವ ಧೈರ್ಯದಿಂದ. ಕೊಳ್ಳುವ ಉದ್ದೇಶವಿಲ್ಲದ ತಾವು ಅದನ್ನು ಮೊದಲೇ ತಿಳಿದಿರಬೇಕು. ಇದನ್ನು ಊರಿನಿಂದ ಓದುತ್ತಿರುವವರಿಗೂ ಒಂದು ಮಾತು: 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವಾಗಿರಲಿ ಅದೃಷ್ಟದವಾಗಿರಲಿ, ಭಾರತದಲ್ಲಿ ನಿಷೇಧಿಸಿದೆ. ಹಣದ ಸಂಬಂಧವೇ ಇಲ್ಲದ ಆಟದ ಚಿಪ್ಸ್‌ನಲ್ಲಿ ಇದೇ ಅಭ್ಯಾಸ ಮಾಡಿಕೊಳ್ಳಬಹುದು, ಏಕೆಂದರೆ ಅಲ್ಲಿನ ಮೇಜುಗಳ ವರ್ತನೆಯೂ ಹೆಚ್ಚುಕಡಿಮೆ ಹೀಗೆಯೇ.

ಕೊನೆಯದಾಗಿ, ಆರಂಭದ ಹಂತ ಮುಗಿಯಿತೆಂದು ತಿಳಿಯಲು ಗಡಿಯಾರವನ್ನು ನೋಡಬೇಡಿ, ತಮ್ಮ ಚಿಪ್ಸ್ ಎಷ್ಟು ದೊಡ್ಡ ಬ್ಲೈಂಡ್‌ಗಳಿಗೆ ಸಮ ಎಂದು ನೋಡಿ. ಅದು 25ಕ್ಕಿಂತ ಕೆಳಗಿಳಿದ ಮೇಲೆ ಸಣ್ಣ ಜೋಡಿಗೆ ಕಾಲ್ ಮಾಡಿ ಸೆಟ್ ಕಾಯುವುದು ದುಬಾರಿಯಾಗುತ್ತದೆ. ಅಲ್ಲಿಂದ ಮುಂದೆ ಆ ಜೋಡಿಯಿಂದ ತಾವೇ ಮೊದಲು ರೈಸ್ ಮಾಡಬೇಕು, ಇಲ್ಲವೇ ಬಿಡಬೇಕು.