ಪೊಲೀಸ್, ಕೋರ್ಟ್, ಜೈಲು: ಲೆಕ್ಕ ಯಾಕೆ ತಾಳೆ ಆಗಲ್ಲ?

ಡೇಟಾಹುಳ:
ಪೊಲೀಸ್, ಪ್ರಾಸಿಕ್ಯೂಷನ್, ಕೋರ್ಟ್, ಜೈಲು ಎಲ್ಲರ ಅಂಕಿಅಂಶ ಒಂದೇ ಡ್ಯಾಶ್‌ಬೋರ್ಡ್‌ಗೆ ತರೋ ಕೆಲಸದಲ್ಲಿದೀನಿ. ಪೊಲೀಸರು ಇಷ್ಟು ಚಾರ್ಜ್‌ಶೀಟ್ ಹಾಕಿದೀವಿ ಅಂತಾರೆ, ಕೋರ್ಟ್ ರಿಜಿಸ್ಟರ್ ತೆಗೆದ್ರೆ ಬೇರೆ ನಂಬರ್, ಜೈಲಿನವ್ರದ್ದಂತೂ ಕೇಳ್ಲೇಬೇಡಿ. ಯಾರೂ ಸುಳ್ಳು ಹೇಳ್ತಿಲ್ಲ, ಆದ್ರೂ ಕೂಡಿ ಬರ್ತಿಲ್ಲ. ಮೇಲಿನವ್ರಿಗೆ ಬೇಕಿರೋದು ಯಾವ ಸ್ಟೇಷನ್ ಮುಂದೆ ಯಾವ್ದು ಹಿಂದೆ ಅನ್ನೋ ರ‍್ಯಾಂಕಿಂಗ್. ಎಲ್ಲಿಂದ ಶುರು ಮಾಡ್ಲಿ?

ಹಳೇಫೈಲು:
ಸಾಫ್ಟ್‌ವೇರ್ ಆಮೇಲೆ, ಮೊದ್ಲು ಯಾರು ಏನನ್ನ ಎಣಿಸ್ತಿದಾರೆ ನೋಡಿ. ಪೊಲೀಸರು ಎಣಿಸೋದು ಎಫ್‌ಐಆರ್, ಕೋರ್ಟು ಕೇಸ್ ನಂಬರ್, ಜೈಲು ತಲೆ. ಒಂದು ಎಫ್‌ಐಆರ್‌ನಲ್ಲಿ ನಾಲ್ಕು ಜನ ಆರೋಪಿಗಳು ಅಂದ್ಕೊಳ್ಳಿ, ಒಬ್ಬ ತಲೆಮರೆಸ್ಕೊಂಡ, ಅವನದ್ದು ಸ್ಪ್ಲಿಟ್ ಆಗಿ, ಅಂದ್ರೆ ಕೋರ್ಟಲ್ಲಿ ಬೇರೆ ಕೇಸಾಗಿ, ಬೇರೆ ನಂಬರ್ ಬಿತ್ತು, ಇಬ್ರು ಬೇಲ್ ಮೇಲೆ ಹೊರಗೆ, ಒಬ್ಬ ಒಳಗೆ. ಪೊಲೀಸರಿಗೆ ಒಂದು, ಕೋರ್ಟಿಗೆ ಎರಡು, ಜೈಲಿಗೆ ಒಂದು. ಮೂರೂ ಲೆಕ್ಕ ಸರಿಯಾಗೇ ಇದೆ!

ಇನ್ನೊಂದು, ಪ್ರಧಾನ ಅಪರಾಧದ ನಿಯಮ. ದೇಶದ ಅಪರಾಧ ಲೆಕ್ಕ ಇಡೋ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧ ಇದ್ರೆ ಅತಿ ಗಂಭೀರವಾದ ಒಂದನ್ನ ಮಾತ್ರ ಎಣಿಸುತ್ತೆ. ಅಮೆರಿಕದ ಎಫ್‌ಬಿಐ 1930ರಿಂದ ನಡೆಸ್ಕೊಂಡು ಬಂದ ಹಳೇ ಎಣಿಕೆ ಪದ್ಧತೀಲೂ ಇದೇ ಥರ ಇತ್ತು. ಸ್ವೀಡನ್‌ನಲ್ಲಿ ಉಲ್ಟಾ, ಒಂದೇ ದೂರಿನಲ್ಲಿ ಹತ್ತು ಘಟನೆ ಇದ್ರೆ ಹತ್ತೂ ಬೇರೆ ಬೇರೆ. ಇದು ಗೊತ್ತಿಲ್ದೆ ದೇಶ ದೇಶ ಹೋಲಿಸಿ ಜಗಳ ಆಡೋರನ್ನ ನೋಡಿದ್ರೆ ನಗು ಬರುತ್ತೆ.

ಮೂರನೇ_ಸಾಕ್ಷಿ:
ರ‍್ಯಾಂಕಿಂಗ್ ಅಂದ್ರಲ್ಲ, ಅಲ್ಲೇ ಹುಷಾರು. ಕೇಸ್ ಜಾಸ್ತಿ ಅಂದ್ರೆ ಬೈಯೋ ವ್ಯವಸ್ಥೇಲಿ ದೂರು ಬರೆದುಕೊಳ್ಳದೇ ಇರೋದೇ ಸುಲಭದ ದಾರಿ, ದರೋಡೆ ಕಳ್ಳತನ ಆಗುತ್ತೆ, ಕಳ್ಳತನ "ಕಳೆದುಹೋಗಿದೆ" ಆಗುತ್ತೆ. ಇಂಗ್ಲೆಂಡ್‌ನಲ್ಲಿ 2014ರ ಜನವರಿಯಲ್ಲಿ ಪೊಲೀಸ್ ದಾಖಲಿಸಿದ ಅಪರಾಧ ಅಂಕಿಅಂಶಕ್ಕೆ ಇದ್ದ ರಾಷ್ಟ್ರೀಯ ಅಂಕಿಅಂಶ ಅನ್ನೋ ಮಾನ್ಯತೇನೇ ಕಿತ್ತುಕೊಂಡ್ರು, ಅದೇ ವರ್ಷ ಪೊಲೀಸ್ ತಪಾಸಣಾ ಸಂಸ್ಥೆ ನೋಡಿದಾಗ ಜನ ಹೇಳಿದ ಅಪರಾಧಗಳಲ್ಲಿ ಸುಮಾರು 19% ದಾಖಲೇ ಆಗಿರ್ಲಿಲ್ಲ. ಅಲ್ಲಿ 1982ರಿಂದ ಮನೆಮನೆಗೆ ಹೋಗಿ "ನಿಮಗೆ ಏನಾಯ್ತು" ಅಂತ ಕೇಳೋ ಸರ್ವೇ ಇದ್ದಿದ್ದಕ್ಕೆ ಪೊಲೀಸ್ ಲೆಕ್ಕವನ್ನ ಪಕ್ಕಕ್ಕಿಟ್ಟು ನೋಡೋಕಾದ್ರೂ ಏನೋ ಇತ್ತು. ನಿಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಅಂಥದ್ದು ಏನಿದೆ?

ಗೋಪುರ_ಗುಬ್ಬಿ:
ಶಿಕ್ಷೆ ಪ್ರಮಾಣದ (ಶೇಕಡಾ ಎಷ್ಟು ಕೇಸಲ್ಲಿ ಶಿಕ್ಷೆ ಆಯ್ತು ಅನ್ನೋ) ಕಾಲಂ ಹಾಕೋ ಮುಂಚೆ ಯಾವುದರಿಂದ ಭಾಗಿಸ್ತೀರ ಅಂತ ಬರೆದಿಡಿ. ಈ ವರ್ಷದ ತೀರ್ಪುಗಳು ಎಷ್ಟೋ ವರ್ಷ ಹಿಂದಿನ ಎಫ್‌ಐಆರ್‌ಗಳದ್ದು, ಅದನ್ನ ಈ ವರ್ಷದ ಎಫ್‌ಐಆರ್ ಸಂಖ್ಯೆಯಿಂದ ಭಾಗಿಸಿದ್ರೆ ಬರೋದು ಅರ್ಥವಿಲ್ಲದ ನಂಬರ್. ಜಪಾನ್‌ನಲ್ಲಿ ಶಿಕ್ಷೆ ಪ್ರಮಾಣ 99%ಗಿಂತ ಜಾಸ್ತಿ, ಆದ್ರೆ ಪ್ರಾಸಿಕ್ಯೂಟರ್‌ಗಳು ಗೆಲ್ಲೋದು ಅನುಮಾನ ಇರೋ ಕೇಸನ್ನ ಸಾಮಾನ್ಯವಾಗಿ ಕೋರ್ಟಿಗೆ ತರೋದೇ ಇಲ್ಲ. ನಾನಾಗಿದ್ರೆ ಒಂದು ವರ್ಷದ ಎಫ್‌ಐಆರ್‌ಗಳನ್ನೆಲ್ಲ ಒಂದು ಗುಂಪು ಮಾಡಿ, ಚಾರ್ಜ್‌ಶೀಟ್, ವಿಚಾರಣೆ, ತೀರ್ಪು ಅಂತ ಕೊನೆವರೆಗೂ ಅದೇ ಗುಂಪಿನ ಹಿಂದೆ ಹೋಗ್ತಿದ್ದೆ. ನಿಧಾನ, ಬೋರ್ ಕೂಡ, ಆದ್ರೆ ಯಾವ ಹಂತದಲ್ಲಿ ಕೇಸ್ ಸಿಕ್ಕಾಕೊಂಡಿದೆ ಅನ್ನೋದು ಕಾಣೋದು ಅದ್ರಲ್ಲೇ.

ಹಳೇಫೈಲು:
ಹೂಂ, ಮತ್ತೆ ಹೊಸ ಸಿಸ್ಟಮ್‌ಗೆ ಒಂದೇ ದಿನ ಹಾರ್ಬೇಡಿ. ಎಫ್‌ಬಿಐ 2021ರ ಜನವರಿಯಿಂದ ಹಳೇ ಎಣಿಕೆ ಬಿಟ್ಟು ಹೊಸ ಪದ್ಧತಿ ಮಾತ್ರ ಅಂತು, ನ್ಯೂಯಾರ್ಕ್, ಲಾಸ್ ಏಂಜಲೀಸ್ ಪೊಲೀಸರೇ ಆ ವರ್ಷ ರೆಡಿ ಇರ್ಲಿಲ್ಲ, ಇಡೀ ದೇಶದ ಲೆಕ್ಕ ಅಂದಾಜಿನ ಮೇಲೆ ನಿಂತ್ಕೊಳ್ತು. ಹಳೇದು ಹೊಸದು ಎರಡೂ ಸ್ವಲ್ಪ ಕಾಲ ಜೊತೆಗೆ ಓಡ್ಲಿ.

ಡೇಟಾಹುಳ:
ಗುಂಪಿನ ಐಡಿಯಾ ಸರಿ ಅನ್ಸ್ತು, ಆದ್ರೆ ಅದಕ್ಕೆ ನಾಲ್ಕೂ ಕಡೆ ಒಂದೇ ಐಡಿ ಬೇಕಲ್ಲ. ಹೆಸರು ಮೇಲೆ ಮ್ಯಾಚ್ ಮಾಡಿದ್ರೆ ಒಂದೊಂದು ಕಡೆ ಒಂದೊಂದು ಸ್ಪೆಲ್ಲಿಂಗ್. ಮೇಲಾಗಿ ಖುಲಾಸೆ ಆದವ್ರ ಹೆಸರು ಎಲ್ಲರ ಸ್ಕ್ರೀನ್ ಮೇಲೆ ಓಡಾಡೋದು ಸರೀನಾ?

ಗೋಪುರ_ಗುಬ್ಬಿ:
ಹೆಸರು ಬೇಡ್ವೇ ಬೇಡ. ಎಫ್‌ಐಆರ್ ನಂಬರ್, ಸ್ಟೇಷನ್ ಕೋಡ್, ವರ್ಷ, ಆರೋಪಿ ಕ್ರಮಸಂಖ್ಯೆ ಸೇರಿಸಿ ಒಂದು ಕೀ ಮಾಡಿ, ಚಾರ್ಜ್‌ಶೀಟ್ ಮೇಲೂ ಜೈಲ್ ವಾರಂಟ್ (ಆರೋಪಿನ ಜೈಲಿಗೆ ಕಳಿಸೋ ಕೋರ್ಟ್ ಆದೇಶ) ಮೇಲೂ ಅದೇ ಬರೋ ಹಾಗೆ ನೋಡ್ಕೊಳ್ಳಿ, ಡ್ಯಾಶ್‌ಬೋರ್ಡ್‌ಗೆ ಒಟ್ಟು ಲೆಕ್ಕ ಮಾತ್ರ ಹೋಗ್ಲಿ. ವಾರಂಟ್ ಫಾರಂ ಬದಲಾಯಿಸೋ ಅಧಿಕಾರ ಯಾರ ಕೈಲಿದೆ ಅಂತ ಮೊದ್ಲು ವಿಚಾರಿಸಿ, ಅಲ್ಲಿ ಒಪ್ಪಿಗೆ ಸಿಗ್ಲಿಲ್ಲ ಅಂದ್ರೆ ಇದ್ಯಾವುದೂ ಮುಂದಕ್ಕೆ ಹೋಗಲ್ಲ.