ಶಾಲೆಯ ಲ್ಯಾಬಿನಲ್ಲಿ 65 ಮಕ್ಕಳಿಗೆ ಒಟ್ಟಿಗೆ ಆನ್‌ಲೈನ್ ಪರೀಕ್ಷೆ: ನೆಟ್‌ವರ್ಕ್ ಹೇಗೆ ಸಿದ್ಧ ಮಾಡಬೇಕು?

ಲ್ಯಾಬ್_ಟೀಚರ್

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯ 9 ಮತ್ತು 10ನೇ ತರಗತಿಯ 130 ಮಕ್ಕಳಿಗೆ 45 ನಿಮಿಷದ ಆನ್‌ಲೈನ್ ಪರೀಕ್ಷೆ ನಡೆಸಬೇಕು, 65ರಂತೆ ಎರಡು ಪಾಳಿ. ಪರೀಕ್ಷೆ ಇರುವುದು ಆನ್‌ಲೈನ್ ಪಾಠ, ಪರೀಕ್ಷೆ ನಡೆಸುವ ತಂತ್ರಾಂಶವಾದ ಮೂಡಲ್‌ನಲ್ಲಿ, 2 ಜಿಬಿ ರ‍್ಯಾಮ್‌ನ ಬಾಡಿಗೆ ಸರ್ವರ್ ಮೇಲೆ. ಲ್ಯಾಬಿನಲ್ಲಿ 40 ಡೆಸ್ಕ್‌ಟಾಪ್ (ವಿಂಡೋಸ್ 10, 4 ಜಿಬಿ ರ‍್ಯಾಮ್), 24 ಪೋರ್ಟಿನ ಎರಡು ಸಾಧಾರಣ ಸ್ವಿಚ್, 100 ಎಂಬಿಪಿಎಸ್ ಫೈಬರ್, ಫೈಬರ್ ಜೊತೆಗೆ ಬಂದ ವೈಫೈ ಪೆಟ್ಟಿಗೆ (ರೂಟರ್). ಪಕ್ಕದ ಕೊಠಡಿಯಲ್ಲಿ 25 ಆಂಡ್ರಾಯ್ಡ್ ಟ್ಯಾಬ್.

ಪ್ರಾಯೋಗಿಕವಾಗಿ ಒಮ್ಮೆ ನಡೆಸಿದಾಗ ಕಂಡ ತೊಂದರೆಗಳು: ಎಲ್ಲರೂ ಒಟ್ಟಿಗೆ ಲಾಗಿನ್ ಆದಾಗ ಮೊದಲ ಹತ್ತು ನಿಮಿಷ ಪುಟ ಸುತ್ತುತ್ತಲೇ ಇತ್ತು. ನಾಲ್ಕೈದು ಕಂಪ್ಯೂಟರಿನಲ್ಲಿ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬಂದು ಪುಟವೇ ತೆರೆಯಲಿಲ್ಲ. ಎರಡನೇ ಪಾಳಿಯಲ್ಲಿ ಕೆಲವು ಟ್ಯಾಬ್‌ಗಳಿಗೆ ಐಪಿ ವಿಳಾಸ ಸಿಗಲಿಲ್ಲ. ಕರೆಂಟ್ ಹೋದಾಗ ಕಂಪ್ಯೂಟರುಗಳು ಯುಪಿಎಸ್ ಮೇಲೆ ಓಡುತ್ತಿದ್ದರೂ ನೆಟ್ ಹೋಯಿತು.

300 ಎಂಬಿಪಿಎಸ್ ಪ್ಲಾನ್ ತೆಗೆದುಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಆಡಳಿತ ಮಂಡಳಿಯವರ ಅಭಿಪ್ರಾಯ. ತೆಗೆದುಕೊಳ್ಳಬೇಕೆ? ಇಲ್ಲವಾದರೆ ಮೊದಲು ಯಾವುದಕ್ಕೆ ಕೈ ಹಾಕಬೇಕು?

ತಂತಿಜಾಲ

ಮೇಡಂ, 300ಕ್ಕೆ ದುಡ್ಡು ಹಾಕಬೇಡಿ. ಲೆಕ್ಕ ಹೀಗಿದೆ: ಮೊದಲ ಬಾರಿ ಪುಟ ತೆರೆಯುವಾಗ ಒಂದು ಯಂತ್ರ 3 ಎಂಬಿ ಎಳೆಯುತ್ತದೆ ಎಂದುಕೊಂಡರೂ 65 ಯಂತ್ರಕ್ಕೆ 195 ಎಂಬಿ, ಅಂದರೆ 1,560 ಮೆಗಾಬಿಟ್. 100 ಎಂಬಿಪಿಎಸ್ ಲೈನಿನಲ್ಲಿ ಅದು ಹದಿನಾರು ಸೆಕೆಂಡಿನ ಕೆಲಸ. ಆಮೇಲೆ ಉತ್ತರ ಉಳಿಸುವಾಗ ಹೋಗುವುದು ಕೆಲವೇ ಕಿಲೋಬೈಟ್. ಹತ್ತು ನಿಮಿಷ ತಡವಾಗಿದ್ದರೆ ಕಾರಣ ಲೈನಿನ ವೇಗವಲ್ಲ.

ಕಾರಣ ಎಲ್ಲಿದೆ ಎಂದು ಹೀಗೆ ಹುಡುಕಿ. ಮಕ್ಕಳೆಲ್ಲ ಲಾಗಿನ್ ಆಗುವ ಹೊತ್ತಿಗೆ ಒಂದು ಡೆಸ್ಕ್‌ಟಾಪಿನಲ್ಲಿ ಎರಡು ಕಮಾಂಡ್ ಕಿಟಕಿ ತೆರೆದು, ಒಂದರಲ್ಲಿ ರೂಟರಿನ ವಿಳಾಸಕ್ಕೆ, ಇನ್ನೊಂದರಲ್ಲಿ 8.8.8.8ಕ್ಕೆ (ಹೊರಗಿನ ಗೂಗಲ್ ಸರ್ವರ್) ನಿಲ್ಲದ ಪಿಂಗ್ (ಸಂದೇಶ ಹೋಗಿ ಮರಳಲು ಹಿಡಿಯುವ ಹೊತ್ತು ಅಳೆಯುವ ಕಮಾಂಡ್) ಹಾಕಿ. ರೂಟರಿನ ಪಿಂಗೇ 1 ಮಿಲಿಸೆಕೆಂಡಿನಿಂದ ನೂರಾರಕ್ಕೆ ಏರಿದರೆ ದೋಷ ನಿಮ್ಮ ಕಟ್ಟಡದ ಒಳಗೇ ಇದೆ: ಸ್ವಿಚ್, ಕೇಬಲ್ ಅಥವಾ ಆ ಪೆಟ್ಟಿಗೆ. ರೂಟರ್ ಸರಿಯಿದ್ದು ಹೊರಗಿನದ್ದು ಮಾತ್ರ ಏರಿದರೆ ಯಾರೋ ಲೈನ್ ತುಂಬಿಸುತ್ತಿದ್ದಾರೆ. ಎರಡೂ ಸರಿಯಿದ್ದು ಪುಟ ಮಾತ್ರ ಸುತ್ತುತ್ತಿದ್ದರೆ ಪರೀಕ್ಷೆಯ ಸರ್ವರ್ ಸೋತಿದೆ. ಇದೇ ಪಿಂಗನ್ನು ಒಂದು ಟ್ಯಾಬಿನಿಂದಲೂ ಮಾಡಿ ನೋಡಿ. ಈ ಫಲಿತಾಂಶ ಕೈಯಲ್ಲಿ ಇಲ್ಲದೆ ಏನನ್ನೂ ಕೊಳ್ಳಬೇಡಿ.

ಎರಡು ಸ್ವಿಚ್‌ಗಳನ್ನೂ ನೋಡಿಕೊಳ್ಳಿ. ರೂಟರಿನಿಂದ ಮೊದಲ ಸ್ವಿಚ್, ಅದರಿಂದ ಎರಡನೆಯದು ಎಂದು ಸರಪಳಿ ಹಾಕಿದ್ದರೆ ಮೊದಲನೆಯದು ಹೋದಾಗ 40 ಯಂತ್ರವೂ ಹೋಗುತ್ತವೆ. ಎರಡನ್ನೂ ನೇರವಾಗಿ ರೂಟರಿಗೆ ಕೊಡಿ. ಸಾಧಾರಣ ಸ್ವಿಚ್‌ಗೆ ಲೂಪ್ (ಮಾಹಿತಿ ಕೊನೆಯಿಲ್ಲದೆ ಸುತ್ತುತ್ತಲೇ ಇರುವುದು) ತಡೆಯುವ ಶಕ್ತಿ ಇರುವುದಿಲ್ಲ. ನೆಲ ಗುಡಿಸುವವರು ಜೋತುಬಿದ್ದ ಕೇಬಲ್ಲಿನ ಎರಡನೇ ತುದಿಯನ್ನೂ ಒಳ್ಳೆಯ ಮನಸ್ಸಿನಿಂದ ಅದೇ ಸ್ವಿಚ್ಚಿಗೆ ಸಿಕ್ಕಿಸಿದರೆ ಸಾಕು, ಇಡೀ ಲ್ಯಾಬ್ ನಿಲ್ಲುತ್ತದೆ. ಎಲ್ಲ ಪೋರ್ಟಿನ ದೀಪಗಳೂ ಒಂದೇ ತಾಳದಲ್ಲಿ ಬಿಡುವಿಲ್ಲದೆ ಮಿನುಗಿದರೆ ಅದು ಲೂಪ್ ಎಂದೇ ತಿಳಿಯಿರಿ. ಬಳಸದ ಕೇಬಲ್ಲುಗಳನ್ನು ತೆಗೆದೇಬಿಡಿ, ಪ್ರತಿ ಕೇಬಲ್ಲಿನ ಎರಡೂ ತುದಿಗೆ ಯಂತ್ರದ ಸಂಖ್ಯೆಯ ಚೀಟಿ ಅಂಟಿಸಿ. ಕೇಬಲ್ ಹೊಸದಾಗಿ ಎಳೆಸುವುದಿದ್ದರೆ ಪೂರ್ಣ ತಾಮ್ರದ್ದನ್ನೇ ಕೇಳಿ. ಅಗ್ಗಕ್ಕೆ ಸಿಗುವ, ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪವಿರುವ ತಂತಿ ಪ್ಲಗ್ಗಿನ ಹತ್ತಿರ ಮುರಿಯುತ್ತದೆ, ಆಗ ಸಂಪರ್ಕ ಬಂದು ಹೋಗಿ ಮಾಡುತ್ತದೆ. ಆ ದೋಷ ಹಿಡಿಯುವುದು ಬಹಳ ಕಷ್ಟ.

ಪೋರ್ಟ್24

ನಾನು ಟ್ಯಾಬ್‌ಗಳ ವಿಷಯ ಹೇಳುತ್ತೇನೆ. ಐಪಿ ಸಿಗದಿರುವುದಕ್ಕೆ ಕಾರಣ ಹೆಚ್ಚಾಗಿ ಸಾಧನಗಳಿಗೆ ತಾನಾಗಿ ವಿಳಾಸ ಹಂಚುವ ವ್ಯವಸ್ಥೆಯಾದ ಡಿಎಚ್‌ಸಿಪಿ. ಈ ಪೆಟ್ಟಿಗೆಗಳು ಹಂಚುವ ವಿಳಾಸಗಳು ಹಲವು ಸಲ ನೂರಕ್ಕಿಂತ ಕಡಿಮೆ, ಒಮ್ಮೆ ಕೊಟ್ಟ ವಿಳಾಸವನ್ನು 24 ಗಂಟೆ ಹಿಂತೆಗೆದುಕೊಳ್ಳುವುದಿಲ್ಲ. 65 ಯಂತ್ರ, ಸಿಸಿ ಕ್ಯಾಮೆರಾ, ಆಫೀಸಿನ ಪ್ರಿಂಟರ್, ಪಾಸ್‌ವರ್ಡ್ ಗೊತ್ತಿರುವ ಎಲ್ಲರ ಮೊಬೈಲ್ ಸೇರಿದರೆ ಮಧ್ಯಾಹ್ನದೊಳಗೆ ಕಣಜ ಖಾಲಿ. ಜೊತೆಗೆ ಇಂಥ ಹಲವು ಪೆಟ್ಟಿಗೆಗಳಲ್ಲಿ ಒಂದು ವೈಫೈ ಹೆಸರಿಗೆ 32 ಸಾಧನಗಳ ಮಿತಿ ಇರುತ್ತದೆ.

ಡೆಸ್ಕ್‌ಟಾಪುಗಳಿಗೆ 192.168.1.11ರಿಂದ 50ರವರೆಗೆ ಕಾಯಂ ವಿಳಾಸ ಕೊಡಿ. ಉಳಿದವಕ್ಕೆ 60ರಿಂದ 250ರವರೆಗೆ ಹಂಚುವಂತೆ ಮಾಡಿ, ಅವಧಿಯನ್ನು 2 ಗಂಟೆಗೆ ಇಳಿಸಿ. ಹಿಂದಿನ ದಿನ ಸಂಜೆ ವೈಫೈ ಪಾಸ್‌ವರ್ಡ್ ಬದಲಿಸಿ, ಟ್ಯಾಬ್‌ಗಳಿಗೆ ಮಾತ್ರ ಹಾಕಿ. ಶಿಕ್ಷಕರಿಗೂ ಆ ಒಂದು ದಿನ ಬೇಡ.

ಒಂದು ಕೋಣೆಯ 25 ಟ್ಯಾಬ್‌ಗೆ ಅದೇ ಕೋಣೆಯೊಳಗೆ ಒಂದು ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಹರಡುವ ಸಾಧನ) ಬೇಕು, ಸ್ವಿಚ್ಚಿನಿಂದ ಕೇಬಲ್ ಎಳೆದು. ಗೋಡೆಯಾಚೆಯ ಪೆಟ್ಟಿಗೆಯಿಂದ ಬರುವ ಸಿಗ್ನಲ್ ಕಡ್ಡಿ ತುಂಬ ತೋರಿಸಿದರೂ ನಂಬಬೇಡಿ. ವೈಫೈಯಲ್ಲಿ ಒಂದು ಚಾನೆಲ್ ಮೇಲೆ ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು. ದೂರ ಕೂತ ನಿಧಾನದ ಒಂದು ಟ್ಯಾಬ್ ಉಳಿದ 24ರ ಸಮಯವನ್ನೂ ತಿನ್ನುತ್ತದೆ. 5 ಗಿಗಾಹರ್ಟ್ಸ್ ಬಳಸಿ. ಟ್ಯಾಬ್‌ಗೆ ಅದು ಬಾರದಿದ್ದರೆ 2.4ರಲ್ಲಿ 1, 6, 11 ಈ ಮೂರು ಚಾನೆಲ್‌ಗಳಲ್ಲಿ ಅಕ್ಕಪಕ್ಕದವರು ಬಳಸದ ಒಂದನ್ನು ಆರಿಸಿ, ಅಗಲ 20 ಮೆಗಾಹರ್ಟ್ಸ್ ಇರಲಿ.

ಹಾರ್ಡ್‌ವೇರ್_ಹುಬ್ಬಳ್ಳಿ

ಆ ಎಚ್ಚರಿಕೆ ಬಂದ ನಾಲ್ಕೈದು ಯಂತ್ರಗಳ ಗಡಿಯಾರ ನೋಡ್ರಿ ಮೇಡಂ. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದ್ದರೆ ಪ್ರತಿ ಸಲ ಪ್ಲಗ್ ತೆಗೆದಾಗ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಹೋಗ್ತದ. ಸರ್ವರ್ ಅಸಲಿ ಅಂತ ತೋರಿಸುವ ಪ್ರಮಾಣಪತ್ರ ಆ ದಿನಾಂಕಕ್ಕೆ ಇನ್ನೂ ಹುಟ್ಟೇ ಇರೋದಿಲ್ಲ, ಅದಕ್ಕೇ ಬ್ರೌಸರ್ ಪುಟ ತೆರೆಯೋದಿಲ್ಲ. ಹಳೇ ಲ್ಯಾಬ್ ಆದರೆ ನಲವತ್ತಕ್ಕೂ ಒಂದೇ ಸಲ ಹೊಸ ಬ್ಯಾಟರಿ ಹಾಕಿಸಿಬಿಡ್ರಿ. ಟೈಮ್ ಝೋನ್ ಭಾರತದ್ದೇ (+5:30) ಇದೆಯಾ ಅಂತಲೂ ನೋಡ್ರಿ.

ಇನ್ನು ಲೈನ್ ತುಂಬಿಸುವವರು. ತಿಂಗಳುಗಟ್ಟಲೆ ಮುಚ್ಚಿದ್ದ 40 ಯಂತ್ರ ಒಂದೇ ಬೆಳಿಗ್ಗೆ ತೆರೆದರೆ ನಲವತ್ತೂ ಅಪ್‌ಡೇಟ್ ಎಳೆಯಲು ಕೂರ್ತಾವ. ಹಿಂದಿನ ವಾರವೇ ಎಲ್ಲ ಅಪ್‌ಡೇಟ್ ಮುಗಿಸಿ, ಆಮೇಲೆ ಅಪ್‌ಡೇಟನ್ನ ತಾತ್ಕಾಲಿಕವಾಗಿ ನಿಲ್ಲಿಸ್ರಿ (35 ದಿನದವರೆಗೆ ಬಿಡ್ತದ). ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ, ಆದರೂ ಆಂಟಿವೈರಸ್ ಮತ್ತು ಬ್ರೌಸರ್ ಎಳೆಯೋದು ನಿಂತಿಲ್ಲ. ರೀಬೂಟ್ ಮಾಡಿದರೆ ಹಳೇ ಸ್ಥಿತಿಗೆ ಮರಳುವ ತಂತ್ರಾಂಶ ಹಾಕಿದ್ದರಂತೂ ಇನ್ನೂ ಕೆಟ್ಟದ್ದು: ಇಳಿಸಿದ ಅಪ್‌ಡೇಟ್ ಅಳಿಸಿಹೋಗಿ ದಿನಾ ಅದನ್ನೇ ಮತ್ತೆ ಇಳಿಸ್ತಿರ್ತಾವ. ಅದನ್ನ ತೆರೆದ ಸ್ಥಿತಿಗೆ ತಂದು, ಅಪ್‌ಡೇಟ್ ಮುಗಿಸಿ, ಮತ್ತೆ ಬೀಗ ಹಾಕ್ರಿ.

ಕರೆಂಟ್ ಹೋದಾಗ ನೆಟ್ ಹೋಗಿದ್ದು ಯಾಕೆಂದರೆ ಫೈಬರ್ ಪೆಟ್ಟಿಗೆ ಮತ್ತು ಸ್ವಿಚ್ ಗೋಡೆಯ ಸಾಕೆಟ್ಟಿನಲ್ಲಿ ಇದ್ದಿರಬೇಕು. ಅವೆಲ್ಲ ಸೇರಿ 50 ವ್ಯಾಟ್ ಆದೀತು. ಹೊಸ ಬ್ಯಾಟರಿ (12 ವೋಲ್ಟ್, 7 ಆಂಪಿಯರ್-ಅವರ್) ಇರುವ ಒಂದು 600 ವಿಎ ಯುಪಿಎಸ್ಸನ್ನು ಅವಕ್ಕಷ್ಟೇ ಬಿಟ್ಟರೆ ಅರ್ಧ ಗಂಟೆಗೆ ಭಯವಿಲ್ಲ. ಕಂಪ್ಯೂಟರಿನ ಯುಪಿಎಸ್‌ಗಳಲ್ಲಿ ಎರಡು ಮೂರು ವರ್ಷದ ಬ್ಯಾಟರಿ ಇದ್ದರೆ ನಂಬಬ್ಯಾಡ್ರಿ. ಯಂತ್ರ ಓಡುತ್ತಿರುವಾಗಲೇ ಪ್ಲಗ್ ಕಿತ್ತು, ಎಷ್ಟು ನಿಮಿಷ ನಿಲ್ತದ ಅಂತ ಒಂದೊಂದನ್ನೂ ಬರೆದಿಡ್ರಿ. ಜನರೇಟರ್ ಶುರುವಾಗುವಷ್ಟು ಹೊತ್ತು ನಿಲ್ಲದ್ದನ್ನ ಪರೀಕ್ಷೆಗೆ ಬಳಸಬ್ಯಾಡ್ರಿ.

ಲ್ಯಾಬ್_ಟೀಚರ್

ತುಂಬ ಧನ್ಯವಾದ. ಹೇಳಿದಂತೆ 60 ಮಕ್ಕಳನ್ನು ಕೂರಿಸಿ ಪಿಂಗ್ ನೋಡಿದೆವು. ಡೆಸ್ಕ್‌ಟಾಪಿನಿಂದ ರೂಟರಿಗೆ 1 ಮಿಲಿಸೆಕೆಂಡ್, 8.8.8.8ಕ್ಕೆ 25ರ ಆಸುಪಾಸು, ಎರಡೂ ಏರಲಿಲ್ಲ. ಆದರೂ ಪುಟ ತೆರೆಯಲು 40 ಸೆಕೆಂಡಿಗೂ ಹೆಚ್ಚು. ಟ್ಯಾಬಿನಿಂದ ರೂಟರಿಗೇ 200ರಿಂದ 600. ಗಡಿಯಾರದ ಮಾತು ನಿಜ, ಆ ಯಂತ್ರಗಳ ದಿನಾಂಕ ತಪ್ಪಿತ್ತು.

ಇನ್ನೊಂದು ಪ್ರಶ್ನೆ: ಕೆಲವು ಕನ್ನಡ ಪ್ರಶ್ನೆಗಳು ಲ್ಯಾಬಿನಲ್ಲಿ ಸರಿ ಕಂಡು ಟ್ಯಾಬಿನಲ್ಲಿ ಗೀಚಿದಂತೆ ಕಾಣುತ್ತವೆ. ಯಾಕೆ?

ಸರ್ವರ್‌ಕೋಣೆ

ಪಿಂಗ್ ಫಲಿತಾಂಶವೇ ಉತ್ತರ ಹೇಳುತ್ತಿದೆ: ಡೆಸ್ಕ್‌ಟಾಪುಗಳ ಮಟ್ಟಿಗೆ ದೋಷ ಸರ್ವರಿನಲ್ಲಿ, ಟ್ಯಾಬ್‌ಗಳಿಗೆ ಅದರ ಮೇಲೆ ವೈಫೈ ಕೂಡ.

ಒಂದು ಜಿಬಿ ರ‍್ಯಾಮ್‌ಗೆ ಏಕಕಾಲಕ್ಕೆ 10ರಿಂದ 20 ಮಂದಿ ಎಂಬುದು ಮೂಡಲ್‌ನವರದೇ ಅಂದಾಜು. 65 ಮಂದಿಗೆ 2 ಜಿಬಿ ಸಾಲದು. ಅದಕ್ಕೂ ಮೊದಲು ಇನ್ನೊಂದು ಕಡೆ ನೋಡಿ. ಉಬುಂಟು, ಡೆಬಿಯನ್ ಎಂಬ ಲಿನಕ್ಸ್‌ಗಳಲ್ಲಿ ಪಿಎಚ್‌ಪಿ-ಎಫ್‌ಪಿಎಂ (ಮೂಡಲ್ ಬರೆದಿರುವ ಪಿಎಚ್‌ಪಿ ಭಾಷೆಯ ಪ್ರಕ್ರಿಯೆಗಳನ್ನು ಓಡಿಸುವ ತಂತ್ರಾಂಶ) ಹಾಕಿದಾಗ ಒಟ್ಟಿಗೆ ಓಡುವ ಪಿಎಚ್‌ಪಿ ಪ್ರಕ್ರಿಯೆಗಳ ಗರಿಷ್ಠ ಮಿತಿ 5 ಎಂದೇ ಇರುತ್ತದೆ. 65 ಮಕ್ಕಳು ಬಾಗಿಲು ತಟ್ಟಿದರೆ ಐವರು ಒಳಗೆ, ಅರವತ್ತು ಮಂದಿ ಸಾಲಿನಲ್ಲಿ. ಕಾಯಲಾರದೆ ಅವರು ರಿಫ್ರೆಶ್ ಒತ್ತಿದಾಗ ಸಾಲು ಇನ್ನೂ ಉದ್ದವಾಗುತ್ತದೆ. ಸುಮ್ಮನೆ 50 ಎಂದು ಬರೆದರೂ ತಪ್ಪು: ಮೂಡಲ್‌ನ ಒಂದು ಪ್ರಕ್ರಿಯೆ 60ರಿಂದ 100 ಎಂಬಿ ತಿನ್ನಬಹುದು, 2 ಜಿಬಿಯ ಯಂತ್ರ ಸ್ವಾಪ್‌ಗೆ (ರ‍್ಯಾಮ್ ಬದಲು ನಿಧಾನದ ಡಿಸ್ಕ್ ಬಳಸುವುದು) ಇಳಿದು ಪೂರ್ತಿ ನಿಲ್ಲುತ್ತದೆ. ರ‍್ಯಾಮ್ ಹೆಚ್ಚಿಸಿ ಆಮೇಲೆ ಈ ಸಂಖ್ಯೆ ಏರಿಸಿ.

ನನ್ನ ಸಲಹೆ: 300 ಎಂಬಿಪಿಎಸ್‌ಗೆ ಇಟ್ಟ ದುಡ್ಡಿನಲ್ಲಿ ಲ್ಯಾಬಿನ ಒಳಗೇ ಒಂದು ಸರ್ವರ್ ಇಡಿ. 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಸಾಧಾರಣ ಡೆಸ್ಕ್‌ಟಾಪ್ ಸಾಕು. ಉಬುಂಟು ಸರ್ವರ್, ಮರಿಯಾಡಿಬಿ (ಡೇಟಾಬೇಸ್), ಮೂಡಲ್ ಹಾಕಿ. ಪಿಎಚ್‌ಪಿ ಪ್ರಕ್ರಿಯೆ 50, ಮರಿಯಾಡಿಬಿಯ ಬಫರ್ ಪೂಲ್ (ಡೇಟಾವನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವ ಜಾಗ) 128 ಎಂಬಿಯಿಂದ 2 ಜಿಬಿಗೆ. ಬಾಡಿಗೆ ಸರ್ವರಿನಿಂದ ಕೋರ್ಸಿನ ಬ್ಯಾಕಪ್ ಕಡತ ಇಳಿಸಿ ಇಲ್ಲಿ ರಿಸ್ಟೋರ್ ಮಾಡಿ. ಸರ್ವರಿಗೆ ಕಾಯಂ ಐಪಿ ಇರಲೇಬೇಕು. ಮೂಡಲ್ ತನ್ನ ವಿಳಾಸವನ್ನು ಕಾನ್ಫಿಗ್ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ, ಐಪಿ ಬದಲಾದರೆ ಲಾಗಿನ್ ಆದವರನ್ನೆಲ್ಲ ಹಳೆಯ ವಿಳಾಸಕ್ಕೆ ಕಳಿಸುತ್ತದೆ. ಇಷ್ಟಾದರೆ ಪರೀಕ್ಷೆಯ ಹೊತ್ತಿಗೆ ಇಂಟರ್ನೆಟ್ಟೇ ಬೇಕಿಲ್ಲ. ರಸ್ತೆ ಅಗೆಯುವಾಗ ಫೈಬರ್ ಕಡಿದರೂ ಮಕ್ಕಳಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆಗಳನ್ನು ಪುಟಕ್ಕೆ ಐದರಂತೆ ಇಡಿ. ಮೂಡಲ್ ಉತ್ತರಗಳನ್ನು ತಾನಾಗಿ ಉಳಿಸುವ ಅಂತರ 1 ನಿಮಿಷ, ಅದನ್ನು ಹಾಗೇ ಬಿಡಿ. ಮೊಬೈಲಿನಲ್ಲಿ ತೆಗೆದ 4 ಎಂಬಿಯ ಚಿತ್ರವನ್ನು ಹಾಗೇ ಪ್ರಶ್ನೆಗೆ ಸೇರಿಸಬೇಡಿ. ಅಂಥ ಹತ್ತು ಚಿತ್ರ ಇದ್ದರೆ 65 ಮಕ್ಕಳಿಗೆ 2,600 ಎಂಬಿ. 800 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಒಂದೊಂದು 100 ಕೆಬಿ ಆಸುಪಾಸಿಗೆ ಬರುತ್ತದೆ.

ಕನ್ನಡದ ಗೀಚಿಗೆ ಕಾರಣ, ಆ ಪ್ರಶ್ನೆಗಳನ್ನು ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪ ತೋರಿಸುವ ಫಾಂಟ್) ಟೈಪ್ ಮಾಡಿರುವುದು. ಲ್ಯಾಬಿನ ಯಂತ್ರದಲ್ಲಿ ಆ ಫಾಂಟ್ ಇದೆ, ಟ್ಯಾಬಿನಲ್ಲಿ ಇಲ್ಲ. ಫಾಂಟ್ ಹಾಕಲು ಹೋಗಬೇಡಿ, ಪಠ್ಯವನ್ನೇ ಯೂನಿಕೋಡಿಗೆ ಪರಿವರ್ತಿಸಿ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವತ್ತು ಮತ್ತು ಗಣಿತದ ಚಿಹ್ನೆಗಳನ್ನು ಕಣ್ಣಿಟ್ಟು ಓದಿ, ಅಲ್ಲೇ ತಪ್ಪಾಗುವುದು.

ತಂತಿಜಾಲ

ಒಳಗಿನ ಸರ್ವರ್ ಸಲಹೆಯನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಹೊರಗಿನ ಪೋರ್ಟಲಿನಲ್ಲಿ ನಡೆಯುವ ಪರೀಕ್ಷೆಗಳೂ ಬರುತ್ತವಲ್ಲ, ಅದಕ್ಕೊಂದು ಮಾತು. ಎರಡನೇ ಲೈನ್ ಇಟ್ಟುಕೊಂಡರೆ ಅದು ಸಿಮ್ ಹಾಕುವ ರೂಟರ್ ಆಗಿರಲಿ, ಅದೇ ಕಂಬದಲ್ಲಿ ಬರುವ ಇನ್ನೊಂದು ಫೈಬರ್ ಬೇಡ. ಎರಡು ಲೈನನ್ನೂ ಸೇರಿಸಿ ಭಾರ ಹಂಚಲು ಹೋಗಬೇಡಿ. ಒಂದೇ ಮಗುವಿನ ಒಂದು ಕೋರಿಕೆ ಈ ಐಪಿಯಿಂದ, ಮುಂದಿನದು ಆ ಐಪಿಯಿಂದ ಹೋದರೆ ಹಲವು ಪೋರ್ಟಲುಗಳು ಅನುಮಾನಪಟ್ಟು ಲಾಗೌಟ್ ಮಾಡುತ್ತವೆ. ಒಂದು ಲೈನ್ ಓಡಲಿ, ಇನ್ನೊಂದು ಕಾಯಲಿ. ಶಾಲೆಯಲ್ಲಿ ವೆಬ್ ಫಿಲ್ಟರ್ ಇದ್ದರೆ ಪೋರ್ಟಲಿನ ವಿಳಾಸವೊಂದನ್ನೇ ಅಲ್ಲ, ಅದು ಚಿತ್ರ ಮತ್ತು ಸ್ಕ್ರಿಪ್ಟ್ ತರುವ ಎಲ್ಲ ವಿಳಾಸಗಳನ್ನೂ ಬಿಡಬೇಕು. ಆ ಪಟ್ಟಿಯನ್ನು ಪರೀಕ್ಷೆ ನಡೆಸುವವರಿಂದಲೇ ಲಿಖಿತವಾಗಿ ಪಡೆಯಿರಿ.

ಪೋರ್ಟ್24

ಯಾರೂ ಹೇಳದ ಒಂದು ವಿಷಯ: 40 ಮತ್ತು 25 ಸೇರಿ 65. ಮಕ್ಕಳೂ 65. ಅಂದರೆ ಒಂದು ಯಂತ್ರ ಕೆಟ್ಟರೂ ಒಂದು ಮಗು ನಿಂತಿರಬೇಕು. ಇದು ನನಗೆ ವೈಫೈಗಿಂತ ದೊಡ್ಡ ತೊಂದರೆಯಾಗಿ ಕಾಣುತ್ತದೆ. ನಾಲ್ಕು ಪಾಳಿ ಮಾಡಿ, ಪಾಳಿಗೆ ಹೆಚ್ಚೆಂದರೆ 33 ಮಕ್ಕಳು. ಎಲ್ಲರೂ ತಂತಿಯ ಡೆಸ್ಕ್‌ಟಾಪಿನಲ್ಲೇ ಕೂರುತ್ತಾರೆ, 7 ಯಂತ್ರ ಬಿಡುವಾಗಿರುತ್ತವೆ, ಟ್ಯಾಬ್ ಬೇಕೇ ಇಲ್ಲ. 45 ನಿಮಿಷದ ನಾಲ್ಕು ಪಾಳಿ, ನಡುವೆ 15 ನಿಮಿಷ ಬಿಡುವು: ಒಟ್ಟು ಮೂರು ಮುಕ್ಕಾಲು ಗಂಟೆ. ಪ್ರಶ್ನೆ ಹೊರಗೆ ಹೋಗುವ ಚಿಂತೆಗೆ ಪ್ರಶ್ನೆಕೋಶದಿಂದ ಯಾದೃಚ್ಛಿಕವಾಗಿ ಆರಿಸುವ ವ್ಯವಸ್ಥೆ ಮೂಡಲ್‌ನಲ್ಲೇ ಇದೆ.

ಡೆಸ್ಕ್‌ಟಾಪ್ ಮಾತ್ರವಾದರೆ ಸೇಫ್ ಎಕ್ಸಾಮ್ ಬ್ರೌಸರ್ (ಪರೀಕ್ಷೆ ಬಿಟ್ಟು ಬೇರೇನನ್ನೂ ತೆರೆಯಲು ಬಿಡದ ಬ್ರೌಸರ್) ಕೂಡ ಬಳಸಬಹುದು. ಅದು ಉಚಿತ, ಮೂಡಲ್ 3.9ರಿಂದ ಅದರೊಳಗೇ ಹೊಂದಿಸುವ ಸೌಲಭ್ಯ ಇದೆ. ಆಂಡ್ರಾಯ್ಡ್ ಟ್ಯಾಬಿಗೆ ಅದು ಬರುವುದಿಲ್ಲ. ಅದರಿಂದ ಹೊರಬರುವ ಪಾಸ್‌ವರ್ಡನ್ನು ಮರೆಯದೆ ಇಟ್ಟು ಮೇಲ್ವಿಚಾರಕರಿಗೆ ಕೊಡಿ. ಕನ್ನಡದಲ್ಲಿ ಟೈಪ್ ಮಾಡುವ ಪ್ರಶ್ನೆ ಇದ್ದರೆ ಕೀಲಿಮಣೆ ಬದಲಿಸುವ ಗುಂಡಿ ತೋರಿಸುವ ಆಯ್ಕೆಯನ್ನೂ ಆನ್ ಮಾಡಿ.

ಸರ್ವರ್‌ಕೋಣೆ

ನಾಲ್ಕು ಪಾಳಿ ಒಳ್ಳೆಯದು. ಹಾಗಾದರೆ ಸರ್ವರಿಗೆ 8 ಜಿಬಿಯೂ ನಡೆಯುತ್ತದೆ, ಪಿಎಚ್‌ಪಿ ಪ್ರಕ್ರಿಯೆ 30ಕ್ಕೆ ಇಳಿಸಿ.

ತಾಲೀಮು ಒಂದು ವಾರ ಮುಂಚೆ, 33 ಮಕ್ಕಳನ್ನೂ ಕೂರಿಸಿಯೇ ಮಾಡಿ. ಐದು ಯಂತ್ರದಲ್ಲಿ ನೋಡಿ ಸರಿಯಿದೆ ಎಂದುಕೊಂಡರೆ ಐದಕ್ಕಷ್ಟೇ ಸರಿಯಿರುತ್ತದೆ. ಒಂದು ಸಾಲಿನವರಾದ ಮೇಲೆ 30 ಸೆಕೆಂಡ್ ಬಿಟ್ಟು ಮುಂದಿನ ಸಾಲಿನವರನ್ನು ಲಾಗಿನ್ ಮಾಡಿಸಿ. ನಡುವೆ ಬೇಕೆಂದೇ ಒಂದು ಯಂತ್ರದ ಕೇಬಲ್ ಕಿತ್ತು, ಆ ಮಗುವನ್ನು ಬಿಡುವಿನ ಯಂತ್ರಕ್ಕೆ ಕೂರಿಸಿ: ಅದೇ ಪ್ರಯತ್ನ ಮುಂದುವರಿಯಬೇಕು, ಉಳಿದಿದ್ದ ಉತ್ತರಗಳು ಕಾಣಬೇಕು. ಮಗು ಎದ್ದು ಬರುವಷ್ಟು ಹೊತ್ತೂ ಗಡಿಯಾರ ಓಡುತ್ತಲೇ ಇರುತ್ತದೆ, ಆ ನಿಮಿಷಗಳನ್ನು ಮೂಡಲ್‌ನ ಯೂಸರ್ ಓವರ್‌ರೈಡ್ ಎಂಬ ಸೌಲಭ್ಯದಲ್ಲಿ ಆ ಒಂದು ಮಗುವಿಗೆ ಸೇರಿಸಿ ಕೊಡಬಹುದು. ಇದನ್ನು ಮಾಡುವುದು ಹೇಗೆಂದು ಮೇಲ್ವಿಚಾರಕರಿಬ್ಬರಿಗಾದರೂ ಮೊದಲೇ ಕಲಿಸಿ. ಪ್ರತಿ ಪಾಳಿ ಮುಗಿದ ಕೂಡಲೇ ಡೇಟಾಬೇಸಿನ ಪ್ರತಿಯನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡ ಮೇಲಷ್ಟೇ ಮುಂದಿನವರನ್ನು ಒಳಗೆ ಕರೆಯಿರಿ.